ಆರೋಗ್ಯ ವಿಮೆ: ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

(ಬಾಗಲಗುಂಟೆಯಲ್ಲಿ ನಡೆದ ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ. ಓದುಗರ ಅನುಕೂಲಕ್ಕಾಗಿ ಕೆಲವೆಡೆ ವಿಸ್ತರಿಸಲಾಗಿದೆ.)



ಶುಕ್ರವಾರ ಜುಮಾ ನಮಾಜ್ ಮುಗಿಸಿ ಹೊರಗೆ ಬರುವಾಗ ಮಸೀದಿಯ ಬಾಗಿಲಲ್ಲಿ ಕೈಯಲ್ಲಿ ಆಸ್ಪತ್ರೆಯ ಬಿಲ್ಲು ಹಿಡಿದು ನಿಂತವರನ್ನು ನೀವೆಲ್ಲರೂ ನೋಡಿದ್ದೀರಿ. ಹೃದಯದ ಆಪರೇಷನ್, ಮಗುವಿನ ಡಯಾಲಿಸಿಸ್, ಅಪಘಾತದಲ್ಲಿ ಮುರಿದ ಕಾಲು. ನಾವು ಜೇಬಿನಿಂದ ಹತ್ತೋ ಐವತ್ತೋ ಹಾಕಿ ಮುಂದೆ ಹೋಗುತ್ತೇವೆ. ಅಲ್ಲಾಹನು ಆ ದಾನವನ್ನು ಸ್ವೀಕರಿಸಲಿ. ಆದರೆ ಒಮ್ಮೆ ನಾನು ಹಾಗೆ ನಿಂತ ಒಬ್ಬ ಸಹೋದರರನ್ನು ಪಕ್ಕಕ್ಕೆ ಕರೆದು, "ಭಾಯ್, ಎಲ್ಲಿ ಕೆಲಸ ಮಾಡುತ್ತೀರಿ?" ಎಂದು ಕೇಳಿದೆ. ಪೀಣ್ಯದ ಒಂದು ಪ್ಲೇಟಿಂಗ್ ಘಟಕದಲ್ಲಿ ಒಂಬತ್ತು ವರ್ಷದಿಂದ, ಅಂದರು. ಸಂಬಳದಲ್ಲಿ ಇ.ಎಸ್.ಐ. ಹಿಡಿಯುತ್ತಾರೆಯೇ ಎಂದು ಕೇಳಿದೆ. "ಏನೋ ಹಿಡಿಯುತ್ತಾರೆ ಸಾರ್, ಚೀಟಿಯಲ್ಲಿ ಬರುತ್ತದೆ" ಅಂದರು. ಒಂಬತ್ತು ವರ್ಷ ಹಣ ಕಟ್ಟಿದ ಮನುಷ್ಯ, ಅದು ಯಾತಕ್ಕೆ ಎಂದು ತಿಳಿಯದೆ, ಮಸೀದಿಯ ಬಾಗಿಲಲ್ಲಿ ಬಿಲ್ಲು ಹಿಡಿದು ನಿಂತಿದ್ದರು.

ಈ ದಿನ ಆರೋಗ್ಯ ವಿಮೆಯ ಬಗ್ಗೆ ಮಾತಾಡಬೇಕೆಂದು ಸಂಘದವರು ಹೇಳಿದಾಗ ನನಗೆ ಮೊದಲು ನೆನಪಾದದ್ದು ಆ ಸಹೋದರರು. ನಾನು ವಿಮಾ ಏಜೆಂಟ್ ಅಲ್ಲ, ಯಾವ ಕಂಪನಿಯ ಪರವಾಗಿಯೂ ಬಂದಿಲ್ಲ. ಶಾಲೆಯಲ್ಲಿ ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಓದಿ ಅರ್ಥ ಮಾಡಿಕೊಳ್ಳುವುದು ನನ್ನ ಕಸುಬು. ಪಾಲಿಸಿ ಎಂಬುದೂ ಒಂದು ಪಾಠವೇ; ತಪ್ಪು ಓದಿದರೆ ಮಾತ್ರ ಅಂಕ ಹೋಗುವುದಿಲ್ಲ, ಮನೆ ಹೋಗುತ್ತದೆ.

ಮೊದಲಿಗೆ ಒಂದು ಪ್ರಶ್ನೆಯನ್ನು ಮರೆಮಾಚದೆ ಎತ್ತಿಕೊಳ್ಳುತ್ತೇನೆ, ಏಕೆಂದರೆ ನಿಮ್ಮಲ್ಲಿ ಅರ್ಧ ಜನ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಕುಳಿತಿದ್ದೀರಿ. ವಿಮೆ ಜಾಯಿಜ್ ಹೌದೋ ಅಲ್ಲವೋ? ಬಡ್ಡಿ ಮತ್ತು ಅನಿಶ್ಚಿತತೆಯ ಕಾರಣದಿಂದ ಖಾಸಗಿ ವಿಮೆಯ ಬಗ್ಗೆ ಉಲೇಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ನಾನು ಆಲಿಮ್ ಅಲ್ಲ, ಫತ್ವಾ ಕೊಡುವುದು ನನ್ನ ಕೆಲಸವಲ್ಲ. ನೀವು ನಂಬುವ ಮುಫ್ತಿ ಸಾಹೇಬರನ್ನು ಕೇಳಿ. ಆದರೆ ಕೇಳುವಾಗ ಸಂಗತಿಯನ್ನು ಪೂರ್ತಿ ಹೇಳಿ. ಕಾನೂನಿನ ಪ್ರಕಾರ ಸಂಬಳದಿಂದ ಕಡ್ಡಾಯವಾಗಿ ಕಡಿತವಾಗುವ ಇ.ಎಸ್.ಐ. ಒಂದು ಬಗೆ. ಸರ್ಕಾರ ತಾನೇ ಖರ್ಚು ಭರಿಸುವ ಆಯುಷ್ಮಾನ್ ಕಾರ್ಡ್ ಇನ್ನೊಂದು ಬಗೆ. ಅಲ್ಲಿ ನೀವು ಕಂತನ್ನೇ ಕಟ್ಟುವುದಿಲ್ಲ. ಸಹಕಾರ ಸಂಘದ ಸದಸ್ಯರು ಕೂಡಿ ಕಟ್ಟುವ ಯಶಸ್ವಿನಿ ಮೂರನೆಯದು. ಖಾಸಗಿ ಪಾಲಿಸಿ ನಾಲ್ಕನೆಯದು. ಈ ನಾಲ್ಕನ್ನೂ ಒಂದೇ ಬುಟ್ಟಿಗೆ ಹಾಕಿ "ಇನ್ಶೂರೆನ್ಸ್ ಹರಾಮ್" ಎಂದು ಹೇಳಿ, ತನಗೆ ಹಕ್ಕಾಗಿ ಸಿಗುವ ಚಿಕಿತ್ಸೆಯನ್ನೂ ಬಿಟ್ಟು ಸಾಲ ಮಾಡಿದವರನ್ನು ನಾನು ಕಂಡಿದ್ದೇನೆ. ಆ ಸಾಲಕ್ಕೆ ಅವರು ಕಟ್ಟಿದ್ದು ಬಡ್ಡಿಯೇ ತಾನೆ? ತವಕ್ಕುಲ್ ಇಡುವ ಮೊದಲು ಒಂಟೆಯನ್ನು ಕಟ್ಟಿಹಾಕಬೇಕೆಂಬ ಹದೀಸ್ ನಿಮಗೆಲ್ಲ ತಿಳಿದದ್ದೇ. ಅದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಹೊಸದನ್ನು ಕೊಳ್ಳುವ ಮೊದಲು ನಮ್ಮ ಕೈಯಲ್ಲಿ ಈಗಾಗಲೇ ಏನಿದೆ ಎಂದು ನೋಡಿಕೊಳ್ಳಬೇಕು. ನಮ್ಮ ಬಾಗಲಗುಂಟೆ, ಮಂಜುನಾಥನಗರ, ದಾಸರಹಳ್ಳಿ, ಎಂಟನೇ ಮೈಲಿ ಕಡೆ ದುಡಿಯುವವರ ಮನೆಗಳಲ್ಲಿ ಬಹುಪಾಲು ಅನ್ನ ಬರುವುದು ಪೀಣ್ಯದ ಕಾರ್ಖಾನೆ, ಗಾರ್ಮೆಂಟ್ಸ್, ವರ್ಕ್‌ಶಾಪ್‌ಗಳಿಂದ. ಹಾಗಾಗಿ ಇ.ಎಸ್.ಐ. ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ. 1948ರ ಕಾಯ್ದೆಯಿಂದ ಬಂದ ಈ ಯೋಜನೆಯಲ್ಲಿ 2019ರ ಜುಲೈಯಿಂದ ಕಾರ್ಮಿಕನ ಪಾಲು ಸಂಬಳದ ಶೇ. 0.75, ಮಾಲೀಕರ ಪಾಲು ಶೇ. 3.25. ಅಂದರೆ 16,000 ರೂಪಾಯಿ ಸಂಬಳದವನಿಗೆ ಕಡಿತವಾಗುವುದು 120 ರೂಪಾಯಿ. ಮಾಲೀಕರು ಹಾಕುವುದು 520 ರೂಪಾಯಿ. ಈ ಹಣಕ್ಕೆ ಅವನಿಗೆ, ಅವನ ಹೆಂಡತಿ ಮಕ್ಕಳಿಗೆ, ಅವನನ್ನೇ ಅವಲಂಬಿಸಿರುವ ತಂದೆ ತಾಯಿಗೆ ಚಿಕಿತ್ಸೆ. ಖಾಸಗಿ ಪಾಲಿಸಿಯಲ್ಲಿ ಅರುವತ್ತೈದು ವಯಸ್ಸಿನ ತಾಯಿಯನ್ನು ಸೇರಿಸಲು ಎಷ್ಟು ಕೇಳುತ್ತಾರೆಂದು ಒಮ್ಮೆ ವಿಚಾರಿಸಿ ನೋಡಿ, ಆಗ ಈ 120 ರೂಪಾಯಿಯ ಬೆಲೆ ತಿಳಿಯುತ್ತದೆ. ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ. 70ರಷ್ಟು ನಗದು. ಗಾರ್ಮೆಂಟ್ಸ್‌ಗೆ ಹೋಗುವ ನಮ್ಮ ಸಹೋದರಿಯರಿಗೆ ಹೆರಿಗೆಗೆ 26 ವಾರಗಳ ಸಂಬಳ. ಇದಕ್ಕೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನಗಳ ವಂತಿಗೆ ಇರಬೇಕು. ಗರ್ಭಿಣಿಯಾದ ಕೂಡಲೇ ಕೆಲಸ ಬಿಟ್ಟುಬಿಡುವ ಹೆಣ್ಣುಮಕ್ಕಳು ಈ ಲೆಕ್ಕವನ್ನು ಮೊದಲು ಮಾಡಲಿ. ಯಾವ ಖಾಸಗಿ ಪಾಲಿಸಿಯೂ ಸಂಬಳ ಕೊಡುವುದಿಲ್ಲ.

ಪೀಣ್ಯದಲ್ಲೇ ಇ.ಎಸ್.ಐ. ಆಸ್ಪತ್ರೆ ಇದೆ, ರಾಜಾಜಿನಗರದಲ್ಲಿ ದೊಡ್ಡ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು ಇದೆ. ಅಲ್ಲಿ ಸಾಲು ಉದ್ದ, ಮಾತು ಒರಟು ಎನ್ನುವವರಿದ್ದಾರೆ. ಇರಬಹುದು. ಆದರೆ ಸಾಲಿನಲ್ಲಿ ನಿಂತವನು ಮನೆ ಮಾರುವುದಿಲ್ಲ.

ಇಲ್ಲಿ ಒಂದು ಬಲೆ ಇದೆ, ಅದನ್ನು ಯುವಕರು ಗಮನವಿಟ್ಟು ಕೇಳಬೇಕು. ಇ.ಎಸ್.ಐ.ಗೆ ಸಂಬಳದ ಮಿತಿ ಇದೆ. 2017ರ ಜನವರಿಯಲ್ಲಿ ಅದನ್ನು ತಿಂಗಳಿಗೆ 21,000 ರೂಪಾಯಿ ಎಂದು ನಿಗದಿಪಡಿಸಲಾಯಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಎನ್‌ಸಿ ಯಂತ್ರದ ಆಪರೇಟರ್. ಸಂಬಳ ಇಪ್ಪತ್ತೆರಡೂವರೆ ಸಾವಿರ ಆಯಿತೆಂದು ಸಿಹಿ ತಂದುಕೊಟ್ಟ. ನಾನೂ ತಿಂದೆ, ದುಆ ಮಾಡಿದೆ. ಆ ಸಿಹಿಯ ಜೊತೆಗೇ ಅವನ, ಅವನ ತಾಯಿಯ ಚಿಕಿತ್ಸೆಯ ಹಕ್ಕು ಕೊನೆಯಾಗುತ್ತಿದೆ ಎಂಬುದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಇ.ಎಸ್.ಐ.ನಲ್ಲಿ ವಂತಿಗೆಯ ಅವಧಿ ಎರಡು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ ಸಂಬಳ ಮಿತಿ ದಾಟಿದರೆ ಆ ಅವಧಿ ಮುಗಿಯುವವರೆಗೆ ಕಡಿತ ಮುಂದುವರಿಯುತ್ತದೆ, ನಂತರ ನಿಲ್ಲುತ್ತದೆ. ಏಪ್ರಿಲ್–ಸೆಪ್ಟೆಂಬರ್ ವಂತಿಗೆಗೆ ಸೌಲಭ್ಯ ಸಿಗುವುದು ಮುಂದಿನ ಜನವರಿಯಿಂದ ಜೂನ್‌ವರೆಗೆ. ಅಕ್ಟೋಬರ್–ಮಾರ್ಚ್ ವಂತಿಗೆಗೆ ಜುಲೈಯಿಂದ ಡಿಸೆಂಬರ್‌ವರೆಗೆ. ಆದ್ದರಿಂದ ಕಡಿತ ನಿಂತ ಮೇಲೂ ಕೆಲವು ತಿಂಗಳು ಉಸಿರಾಡಲು ಸಮಯವಿರುತ್ತದೆ. ಬೇರೆ ವಿಮೆ ಮಾಡಿಸಬೇಕಾದದ್ದು ಆ ತಿಂಗಳುಗಳಲ್ಲೇ, ಅದು ಮುಗಿದ ಮೇಲಲ್ಲ. ಏಕೆಂದರೆ ಹೊಸ ಪಾಲಿಸಿಯಲ್ಲಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಹಣ ಕೊಡುವುದಿಲ್ಲ.

ಸಂಬಳದ ಕೆಲಸವಿಲ್ಲದವರು, ಆಟೋ ಓಡಿಸುವವರು, ತಳ್ಳುಗಾಡಿಯವರು, ಬಡಗಿ ಕೆಲಸದವರು ತಮ್ಮ ರೇಷನ್ ಕಾರ್ಡ್ ತೆಗೆದು ನೋಡಲಿ. 2018ರ ಮಾರ್ಚ್‌ನಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಎಪಿಎಲ್ ಕಾರ್ಡಿನವರಿಗೆ ನಿಗದಿತ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಇದರಲ್ಲಿ ಜನ ಎಡವುವುದು ಒಂದೇ ಕಡೆ: ಸೀದಾ ಖಾಸಗಿ ಆಸ್ಪತ್ರೆಗೆ ಹೋಗಿ ದಾಖಲಾಗಿ, ಮೂರನೇ ದಿನ ಕಾರ್ಡ್ ತೋರಿಸುತ್ತಾರೆ. ತುರ್ತು ಪರಿಸ್ಥಿತಿ ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲವೆಂದು ಶಿಫಾರಸು ಪತ್ರ ಬರೆದುಕೊಟ್ಟರೆ ಮಾತ್ರ ನೋಂದಾಯಿತ ಖಾಸಗಿ ಆಸ್ಪತ್ರೆ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಬಿಲ್ ಕೌಂಟರಿಗೆ ಹೋಗುವ ಮೊದಲು ಅವರನ್ನು ಹುಡುಕಿ.

ಸಿರಾ, ತುಮಕೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದವರ ಅಣ್ಣತಮ್ಮಂದಿರು ಊರಿನ ಸಹಕಾರ ಸಂಘದ ಸದಸ್ಯರಾಗಿದ್ದರೆ ಅವರಿಗೆ ಯಶಸ್ವಿನಿ ಇದೆ. 2003ರಲ್ಲಿ ರೈತರಿಗಾಗಿ ಜಾರಿಯಾದ ಈ ಯೋಜನೆ 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿ, 2023ರ ಜನವರಿಯಲ್ಲಿ ಮತ್ತೆ ಬಂತು. ನಾಲ್ಕು ಜನರ ಗ್ರಾಮೀಣ ಕುಟುಂಬಕ್ಕೆ 500 ರೂಪಾಯಿ, ನಗರದ ಸಹಕಾರಿ ಸದಸ್ಯರಿಗೆ 1,000 ರೂಪಾಯಿ ಎಂದು ಆಗ ನಿಗದಿ ಮಾಡಿದ್ದರು. ನೋಂದಣಿಗೆ ವರ್ಷದಲ್ಲಿ ಕೆಲವೇ ತಿಂಗಳು ಅವಕಾಶ. ಊರಿಗೆ ಫೋನ್ ಮಾಡಿ ನೆನಪಿಸಿ.

ಇನ್ನು ಖಾಸಗಿ ಪಾಲಿಸಿಗೆ ಬರೋಣ. ಇದಕ್ಕೆ ಮುನ್ನ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಹೇಳಲು ಇಷ್ಟವಿಲ್ಲ, ಆದರೂ ಹೇಳುತ್ತೇನೆ.

ನಮ್ಮ ಅಬ್ಬಾ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. 2018ರಲ್ಲಿ ನಿವೃತ್ತರಾದರು. ಮರುವರ್ಷ ಪರಿಚಯದ ಏಜೆಂಟ್ ಒಬ್ಬರು ಮನೆಗೆ ಬಂದರು. ಒಳ್ಳೆಯ ಮಾತು, ಬಣ್ಣದ ಪುಸ್ತಿಕೆ. ಮೂರು ಲಕ್ಷದ ಪಾಲಿಸಿ. ಅರ್ಜಿ ಇಂಗ್ಲಿಷಿನಲ್ಲಿತ್ತು, ಆದ್ದರಿಂದ ತುಂಬಲು ನನ್ನ ಕೈಗೆ ಕೊಟ್ಟರು. ಮಧುಮೇಹ ಇದೆಯೇ ಎಂಬ ಸಾಲು ಬಂದಾಗ ನಾನು ಪೆನ್ನು ನಿಲ್ಲಿಸಿ ಮುಖ ನೋಡಿದೆ. ಅಬ್ಬಾ ಎಂಟು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಏಜೆಂಟ್ ನಕ್ಕು, "ಅದೆಲ್ಲ ಎಲ್ಲರಿಗೂ ಇರುತ್ತೆ ಮಾಸ್ತರೇ, ಇಲ್ಲ ಅಂತ ಹಾಕಿ, ಇಲ್ಲದಿದ್ದರೆ ಪ್ರೀಮಿಯಂ ಹೆಚ್ಚಾಗುತ್ತೆ" ಎಂದರು. ನಾನು ಹಾಕಿದೆ. ಮಕ್ಕಳಿಗೆ ಸುಳ್ಳು ಬರೆಯಬಾರದೆಂದು ಹೇಳಿಕೊಡುವ ನಾನು, ಒಂದು ಚೌಕದಲ್ಲಿ ಗುರುತು ಹಾಕಿದೆ.

2021ರಲ್ಲಿ ಅಬ್ಬಾಗೆ ಎದೆನೋವು ಬಂತು. ಸ್ಟೆಂಟ್ ಹಾಕಿದರು. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ವೈದ್ಯರು ಕೇಳಿದ್ದಕ್ಕೆ ಅಮ್ಮಿ ನಿಜವನ್ನೇ ಹೇಳಿದ್ದರು: ಹತ್ತು ವರ್ಷದಿಂದ ಶುಗರ್. ಕಂಪನಿಯವರು ಆ ಹಾಳೆಯನ್ನೂ ನಮ್ಮ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟು, ಮಾಹಿತಿ ಮುಚ್ಚಿಟ್ಟಿದ್ದೀರಿ ಎಂದು ಕ್ಲೇಮ್ ತಿರಸ್ಕರಿಸಿದರು. ಎರಡು ಲಕ್ಷ ಹತ್ತು ಸಾವಿರ. ಅಮ್ಮಿಯ ಬಳೆಗಳು ಹೋದವು, ನನ್ನ ತಂಗಿಯ ಮದುವೆಗೆಂದು ಇಟ್ಟದ್ದೂ ಹೋಯಿತು. ಏಜೆಂಟರ ಫೋನ್ ಆಮೇಲೆ ಸಿಗಲಿಲ್ಲ. ಆದರೆ ಅವರನ್ನು ಬೈದು ಏನು ಪ್ರಯೋಜನ? ಅರ್ಜಿಯಲ್ಲಿದ್ದ ಅಕ್ಷರ ನನ್ನದು, ಸಹಿ ಅಬ್ಬಾರದು. ಅಬ್ಬಾ ಈವರೆಗೆ ನನ್ನನ್ನು ಒಂದು ಮಾತೂ ಅಂದಿಲ್ಲ.

ಇದಕ್ಕಿಂತ ಹೆಚ್ಚು ನೋವಿನ ವಿಷಯ ನನಗೆ ತಿಳಿದದ್ದು ಮತ್ತೂ ಒಂದು ವರ್ಷದ ನಂತರ. ಐದು ವರ್ಷಕ್ಕಿಂತ ಹೆಚ್ಚು ಇ.ಎಸ್.ಐ. ಕಟ್ಟಿ ವಯೋನಿವೃತ್ತಿ ಹೊಂದಿದವರು ತಿಂಗಳಿಗೆ 10 ರೂಪಾಯಿಯಂತೆ ವರ್ಷದ 120 ರೂಪಾಯಿ ಒಟ್ಟಿಗೆ ಕಟ್ಟಿದರೆ, ಅವರಿಗೂ ಅವರ ಪತ್ನಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಸುವ ನಿಯಮ ಇತ್ತು. ಅಬ್ಬಾ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಕಟ್ಟಿದ್ದರು. ನಾವು ಆ ಬಾಗಿಲನ್ನು ತಟ್ಟಲೇ ಇಲ್ಲ. ಈ ಸಭೆಯಲ್ಲಿ ನಿವೃತ್ತಿಗೆ ಹತ್ತಿರವಿರುವ ಹಿರಿಯರು ಕೆಲಸದ ಕೊನೆಯ ದಿನಕ್ಕೆ ಮೊದಲೇ ತಮ್ಮ ಇ.ಎಸ್.ಐ. ಶಾಖಾ ಕಚೇರಿಗೆ ಹೋಗಿ ಇದನ್ನು ವಿಚಾರಿಸಿ ಬನ್ನಿ.

ಆದ್ದರಿಂದ ಪಾಲಿಸಿಯ ಬಗ್ಗೆ ನನ್ನ ಮೊದಲ ಮಾತು ಬೆಲೆಯದ್ದಲ್ಲ, ಅರ್ಜಿಯದ್ದು. ಬಿಪಿ, ಶುಗರ್, ಥೈರಾಯ್ಡ್, ಹಿಂದಿನ ಆಪರೇಷನ್, ಹೊಗೆಸೊಪ್ಪು, ಎಲ್ಲವನ್ನೂ ಬರೆಯಿರಿ. ಪ್ರೀಮಿಯಂ ಹೆಚ್ಚಾಗಲಿ, ಕೆಲವೊಮ್ಮೆ ಪಾಲಿಸಿ ಕೊಡುವುದಿಲ್ಲವೆಂದೇ ಹೇಳಲಿ. ಇಲ್ಲವೆಂಬುದನ್ನು ಆಸ್ಪತ್ರೆಯ ಹಾಸಿಗೆಯ ಮೇಲೆ ಕೇಳುವುದಕ್ಕಿಂತ ಮನೆಯ ಚಾಪೆಯ ಮೇಲೆ ಕೇಳುವುದು ವಾಸಿ. ಮೊದಲೇ ಇರುವ ಕಾಯಿಲೆಯನ್ನು ತಿಳಿಸಿದರೂ ಅದಕ್ಕೆ ಹಣ ಕೊಡಲು ಕಂಪನಿ ಕೆಲವು ಕಾಲ ಕಾಯಿಸುತ್ತದೆ. ಈ ಕಾಯುವ ಅವಧಿ ಮುಂಚೆ ನಾಲ್ಕು ವರ್ಷದವರೆಗೂ ಇರಬಹುದಿತ್ತು. 2024ರ ಏಪ್ರಿಲ್‌ನಿಂದ ಅದು ಮೂರು ವರ್ಷ ಮೀರುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ನಿಯಮ ಮಾಡಿದೆ. ಗರಿಷ್ಠ ಮೂರು ವರ್ಷ ಅಷ್ಟೆ. ಎರಡು ವರ್ಷ, ಒಂದು ವರ್ಷ ಇಟ್ಟ ಪಾಲಿಸಿಗಳೂ ಇವೆ. ಹರ್ನಿಯಾ, ಕಣ್ಣಿನ ಪೊರೆ, ಪಿತ್ತಕೋಶದ ಕಲ್ಲು, ಮೂಲವ್ಯಾಧಿ, ಮಂಡಿ ಬದಲಾವಣೆ ಇಂಥವಕ್ಕೆ ಬೇರೆಯೇ ಒಂದು ಪಟ್ಟಿ ಇರುತ್ತದೆ. ಸಾಮಾನ್ಯವಾಗಿ ಎರಡು ವರ್ಷ. ಐದು ವರ್ಷ ತಪ್ಪದೆ ಪ್ರೀಮಿಯಂ ಕಟ್ಟಿದ ಮೇಲೆ, ವಂಚನೆ ಸಾಬೀತಾಗದ ಹೊರತು, ಮುಚ್ಚಿಟ್ಟಿದ್ದೀರಿ ಎಂದು ಕ್ಲೇಮ್ ನಿರಾಕರಿಸುವಂತಿಲ್ಲ ಎಂಬ ನಿಯಮವೂ 2024ರಲ್ಲಿ ಬಂತು. ಮೊದಲು ಅದು ಎಂಟು ವರ್ಷವಾಗಿತ್ತು. ಇದನ್ನು ಕೇಳಿ ಐದು ವರ್ಷ ಸುಮ್ಮನಿದ್ದುಬಿಡೋಣ ಎಂದು ಯಾರಾದರೂ ಲೆಕ್ಕ ಹಾಕುತ್ತಿದ್ದರೆ, ಎದೆನೋವು ಐದು ವರ್ಷ ಕಾಯುವುದಿಲ್ಲ ಎಂದಷ್ಟೇ ಹೇಳುತ್ತೇನೆ.

ಎರಡನೆಯದು ಕೊಠಡಿ ಬಾಡಿಗೆ. ಇದನ್ನು ನಾನು ಹತ್ತನೇ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು ಲೆಕ್ಕ ಮಾಡಿಸಿದ್ದೇನೆ, ನೀವೂ ಮಾಡಿ. ಎರಡು ಲಕ್ಷದ ಪಾಲಿಸಿ. ಕೊಠಡಿ ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇ. 1 ಎಂದು ಒಳಪುಟದಲ್ಲಿ ಇದೆ, ಅಂದರೆ 2,000 ರೂಪಾಯಿ. ನೀವು 5,000 ರೂಪಾಯಿಯ ಕೊಠಡಿ ತೆಗೆದುಕೊಂಡು ನಾಲ್ಕು ದಿನ ಇದ್ದಿರಿ. ಹೆಚ್ಚೆಂದರೆ ದಿನಕ್ಕೆ 3,000ದಂತೆ 12,000 ರೂಪಾಯಿ ನಮ್ಮ ಕೈಯಿಂದ ಹೋಗಬಹುದು ಎಂದುಕೊಳ್ಳುತ್ತೇವೆ. ಹಾಗಲ್ಲ. ಐದು ಸಾವಿರದ ಕೊಠಡಿಗೆ ಎರಡು ಸಾವಿರದ ಅರ್ಹತೆ ಎಂದರೆ ಶೇ. 40. ಡಾಕ್ಟರ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲಕ್ಕೂ ಅದೇ ಶೇ. 40 ಲೆಕ್ಕ ಹಾಕುತ್ತಾರೆ. ಕೊಠಡಿ 20,000ಕ್ಕೆ ಸಿಕ್ಕಿದ್ದು 8,000. ಡಾಕ್ಟರ್, ಥಿಯೇಟರ್ ಇತ್ಯಾದಿ 80,000ಕ್ಕೆ ಸಿಕ್ಕಿದ್ದು 32,000. ಔಷಧಿ ಮತ್ತು ಪರೀಕ್ಷೆಗಳಿಗೆ ಈ ಕಡಿತ ಹಾಕಬಾರದೆಂದು ನಿಯಮವಿದೆ, ಆದ್ದರಿಂದ ಅದರ 40,000 ಪೂರ್ತಿ. ಒಟ್ಟು ಬಿಲ್ಲು 1,40,000. ಕಂಪನಿ ಕೊಟ್ಟದ್ದು 80,000. ನಿಮ್ಮ ಕೈಯಿಂದ 60,000. ಎರಡು ಲಕ್ಷದ ಪಾಲಿಸಿ ಇದ್ದೂ ಒಂದೂಕಾಲು ಲಕ್ಷ ದಾಟಿದ ಬಿಲ್ಲಿಗೆ ಅರುವತ್ತು ಸಾವಿರ ಸಾಲ! ಮೋಸವೇನೂ ಆಗಿಲ್ಲ; ಎಲ್ಲವೂ ಒಳಪುಟದಲ್ಲಿ ಬರೆದಿತ್ತು. ಕೊಠಡಿ ಬಾಡಿಗೆಗೆ ಮಿತಿಯೇ ಇಲ್ಲದ ಪಾಲಿಸಿ ಸ್ವಲ್ಪ ದುಬಾರಿಯಾದರೂ ಸಾಧ್ಯವಾದರೆ ಅದನ್ನೇ ಆರಿಸಿ. ಮಿತಿ ಇರುವ ಪಾಲಿಸಿಯೇ ನಿಮ್ಮದಾದರೆ, ದಾಖಲಾಗುವಾಗಲೇ ನಿಮ್ಮ ಮಿತಿಯ ಕೊಠಡಿಯನ್ನು ಕೇಳಿ. ನೆಂಟರು ನೋಡಲು ಬರುತ್ತಾರೆ, ಜನರಲ್ ವಾರ್ಡ್ ಆದರೆ ಮರ್ಯಾದೆ ಅಲ್ಲ ಎನ್ನಬೇಡಿ. ನೆಂಟರು ಮೂಸಂಬಿ ತರುತ್ತಾರೆಯೇ ಹೊರತು ಬಿಲ್ಲು ಕಟ್ಟುವುದಿಲ್ಲ.

ಕೋ-ಪೇ ಎಂಬುದು ಮೂರನೆಯದು. ಪ್ರತಿ ಬಿಲ್ಲಿನಲ್ಲೂ ನೂರಕ್ಕೆ ಇಷ್ಟು ಎಂದು ನಾವೇ ಕೊಡಬೇಕಾದ ಪಾಲು. ಹಿರಿಯರ ಪಾಲಿಸಿಗಳಲ್ಲಿ ಇದು ಶೇ. 20 ಅಥವಾ ಅದಕ್ಕೂ ಹೆಚ್ಚು ಇರುವುದುಂಟು. ಪ್ರೀಮಿಯಂ ಕಡಿಮೆ ಇದೆ ಎಂದು ಖುಷಿಪಡುವ ಮೊದಲು ಈ ಸಾಲನ್ನು ಹುಡುಕಿ. ಆಮೇಲೆ ಆಸ್ಪತ್ರೆಗಳ ಪಟ್ಟಿ. ದೇಶದಲ್ಲಿ ಇಷ್ಟು ಸಾವಿರ ಆಸ್ಪತ್ರೆಗಳಲ್ಲಿ ನಗದಿಲ್ಲದೆ ಚಿಕಿತ್ಸೆ ಎಂದು ಜಾಹೀರಾತಿನಲ್ಲಿ ಹಾಕುತ್ತಾರೆ. ನಮಗೆ ದೇಶದ ಆಸ್ಪತ್ರೆ ಬೇಡ. ರಾತ್ರಿ ಎರಡು ಗಂಟೆಗೆ ಆಟೋದಲ್ಲಿ ತುಮಕೂರು ರಸ್ತೆ, ಹೆಸರಘಟ್ಟ ರಸ್ತೆಯಲ್ಲಿ ತಲುಪಬಹುದಾದ ಎರಡು ಆಸ್ಪತ್ರೆಗಳು ಪಟ್ಟಿಯಲ್ಲಿ ಇವೆಯೇ ನೋಡಿ. ಆ ಆಸ್ಪತ್ರೆಯ ವಿಮಾ ಕೌಂಟರಿಗೇ ಹೋಗಿ, ಈ ಕಂಪನಿಯ ಕಾರ್ಡ್ ಇಲ್ಲಿ ನಡೆಯುತ್ತದೆಯೇ, ತೊಂದರೆ ಕೊಡುತ್ತಾರೆಯೇ ಎಂದು ಕೇಳಿ. ದಿನವೂ ಅದೇ ಕೆಲಸ ಮಾಡುವ ಆ ಹುಡುಗ ಹುಡುಗಿಯರಿಗೆ ತಿಳಿದಷ್ಟು ಯಾವ ಪುಸ್ತಿಕೆಗೂ ತಿಳಿದಿರುವುದಿಲ್ಲ.

ಹೋಲಿಸುವುದು ಹೇಗೆ ಎಂದು ಕೇಳುತ್ತೀರಿ. ಒಬ್ಬೊಬ್ಬರದು ಒಂದೊಂದು ಬಗೆಯ ಪಾಲಿಸಿ; ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಇಲ್ಲ. ಇದಕ್ಕೆ ಒಂದು ತೂಕದ ಕಲ್ಲು ಇದೆ. 2020ರ ಏಪ್ರಿಲ್‌ನಿಂದ ಆರೋಗ್ಯ ಸಂಜೀವಿನಿ ಎಂಬ ಹೆಸರಿನ ಪಾಲಿಸಿಯನ್ನು ಕಂಪನಿಗಳು ಒಂದೇ ಷರತ್ತಿನಲ್ಲಿ ಮಾರಬೇಕೆಂದು ಐಆರ್‌ಡಿಎಐ ಮಾಡಿತು. ಷರತ್ತು ಒಂದೇ, ಬೆಲೆ ಮಾತ್ರ ಕಂಪನಿಗೊಂದು. ಕೊಠಡಿಗೆ ದಿನಕ್ಕೆ ವಿಮಾ ಮೊತ್ತದ ಶೇ. 2, ಗರಿಷ್ಠ 5,000 ರೂಪಾಯಿ, ಐಸಿಯುಗೆ ಶೇ. 5, ಗರಿಷ್ಠ 10,000. ಕಣ್ಣಿನ ಪೊರೆಗೆ ಒಂದು ಕಣ್ಣಿಗೆ ವಿಮಾ ಮೊತ್ತದ ಶೇ. 25 ಅಥವಾ 40,000, ಯಾವುದು ಕಡಿಮೆಯೋ ಅದು. ಪ್ರತಿ ಕ್ಲೇಮಿನಲ್ಲಿ ಶೇ. 5 ನಮ್ಮ ಪಾಲು. ಇದೇ ಎಲ್ಲಕ್ಕಿಂತ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಏಜೆಂಟ್ ಬೇರೊಂದು ಪಾಲಿಸಿ ತೋರಿಸಿದಾಗ ಈ ನಾಲ್ಕು ಸಾಲುಗಳನ್ನು ಅದರ ಪಕ್ಕದಲ್ಲಿಟ್ಟು, "ಇದಕ್ಕಿಂತ ಎಲ್ಲಿ ಹೆಚ್ಚು ಕೊಡುತ್ತೀರಿ, ಎಲ್ಲಿ ಕಡಿಮೆ ಕೊಡುತ್ತೀರಿ?" ಎಂದು ಕೇಳಿ. ಉತ್ತರ ಕೊಡಲಾಗದ ಏಜೆಂಟರಿಗೆ ಚಹಾ ಕೊಟ್ಟು ಕಳುಹಿಸಿ. ಜಿಮ್ ರಿಯಾಯಿತಿ, ಉಚಿತ ತಪಾಸಣೆ ಕೂಪನ್, ಬೋನಸ್ ಇವೆಲ್ಲ ಸೇಬಿನ ಮೇಲೆ ಉಜ್ಜಿದ ಮೇಣ. ಕ್ಲೇಮ್‌ಗಳಲ್ಲಿ ಇಷ್ಟು ಶೇಕಡಾ ಪಾವತಿ ಮಾಡಿದ್ದೇವೆ ಎಂಬ ದೊಡ್ಡಕ್ಷರದ ಜಾಹೀರಾತನ್ನೂ ಪೂರ್ತಿ ನಂಬಬೇಡಿ. ಲಕ್ಷದ ಬಿಲ್ಲಿಗೆ ನಲವತ್ತು ಸಾವಿರ ಕೊಟ್ಟರೂ ಅದು ಪಾವತಿಯಾದ ಕ್ಲೇಮೇ.

ಹಳೆಯ ಬೆಲೆಪಟ್ಟಿ ಹಿಡಿದು ಬರುವವರ ಬಗ್ಗೆಯೂ ಎಚ್ಚರ. ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ಪಾಲಿಸಿಗಳ ಮೇಲೆ ಶೇ. 18 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದನ್ನು ತೆಗೆದುಹಾಕಲಾಗಿದೆ.

ಕುಟುಂಬಕ್ಕೆಲ್ಲ ಸೇರಿ ಒಂದೇ ಪಾಲಿಸಿ ಮಾಡಿಸುವಾಗ ಪ್ರೀಮಿಯಂ ನಿಗದಿಯಾಗುವುದು ಸಾಮಾನ್ಯವಾಗಿ ಅತಿ ಹಿರಿಯ ಸದಸ್ಯರ ವಯಸ್ಸಿನ ಮೇಲೆ. ಆದ್ದರಿಂದ ಗಂಡ ಹೆಂಡತಿ ಮಕ್ಕಳಿಗೆ ಒಂದು, ತಂದೆ ತಾಯಿಗೆ ಬೇರೆ. ನಮ್ಮ ಕೂಡು ಕುಟುಂಬಗಳಲ್ಲಿ ತಾಯಿಯನ್ನು ಬೇರೆ ಹಾಳೆಯಲ್ಲಿ ಬರೆದರೆ ಬೇಸರ ಮಾಡಿಕೊಳ್ಳುವವರಿದ್ದಾರೆ. ಇದು ಲೆಕ್ಕದ ಮಾತು, ಪ್ರೀತಿಯ ಮಾತಲ್ಲ. ಅರುವತ್ತೈದು ದಾಟಿದವರಿಗೂ ಪಾಲಿಸಿ ಮಾರಲು 2024ರಿಂದ ಅಡ್ಡಿಯಿಲ್ಲ. ಐಟಿ ಕಂಪನಿಗಳಲ್ಲಿರುವ ನಮ್ಮ ಮಕ್ಕಳಿಗೆ ಕಂಪನಿಯೇ ವಿಮೆ ಮಾಡಿಸಿರುತ್ತದೆ. ಒಳ್ಳೆಯದು. ಆದರೆ ಅದು ಕೆಲಸದ ಜೊತೆ ಬಂದದ್ದು, ಕೆಲಸದ ಜೊತೆಗೇ ಹೋಗುತ್ತದೆ. ಕೆಲಸ ಬಿಡುವ ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಂಡರೆ ಕಾದ ಅವಧಿ ವ್ಯರ್ಥವಾಗುವುದಿಲ್ಲ.

ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಅದನ್ನು ಓದಿ, ಬೇಡವೆನಿಸಿದರೆ ಹಿಂತಿರುಗಿಸುವ ಹಕ್ಕು ನಿಮಗಿದೆ. ಪಾಲಿಸಿಯ ಜೊತೆ ಮುಖ್ಯ ಷರತ್ತುಗಳನ್ನು ಸರಳವಾಗಿ ಬರೆದ ಮಾಹಿತಿ ಹಾಳೆಯೊಂದನ್ನು ಕೊಡಬೇಕೆಂದು 2024ರ ಜನವರಿಯಿಂದ ನಿಯಮವಿದೆ. ಗ್ರಾಹಕರು ಕೇಳಿದರೆ ಅದನ್ನು ಸ್ಥಳೀಯ ಭಾಷೆಯಲ್ಲೂ ಕೊಡಬೇಕು. ಕನ್ನಡದಲ್ಲಿ ಕೊಡಿ ಎಂದು ಕೇಳಿ. ಕನ್ನಡ ಮೇಷ್ಟ್ರ ಹಟ ಎಂದುಕೊಂಡರೂ ಪರವಾಗಿಲ್ಲ.

ಕ್ಲೇಮ್ ತಿರಸ್ಕಾರವಾದರೆ ಸುಮ್ಮನೆ ಮನೆಗೆ ಬರಬೇಡಿ. ಕಾರಣವನ್ನು ಬರಹದಲ್ಲಿ ಕೇಳಿ. ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 155255 ಎಂಬ ಸಂಖ್ಯೆಗೆ ಕರೆ ಮಾಡಿ ಐಆರ್‌ಡಿಎಐ ಬಳಿ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ವಿಮಾ ಲೋಕಪಾಲರಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಿ. ಕರ್ನಾಟಕದ ಕಚೇರಿ ನಮ್ಮ ಬೆಂಗಳೂರಿನ ಜೆ.ಪಿ. ನಗರದಲ್ಲೇ ಇದೆ. ಶುಲ್ಕವಿಲ್ಲ, ವಕೀಲರು ಬೇಕಾಗಿಲ್ಲ. ನಾವು ಹೋಗಲಿಲ್ಲ, ಏಕೆಂದರೆ ನಮ್ಮ ಅರ್ಜಿಯೇ ಸುಳ್ಳಾಗಿತ್ತು. ನಿಜ ಬರೆದವರು ಧೈರ್ಯವಾಗಿ ಹೋಗಬಹುದು.

ಇನ್ನೊಂದು ಎಚ್ಚರಿಕೆ. ಹಲಾಲ್ ಎಂಬ ಹೆಸರಿಟ್ಟು, ದಾಡಿ ಟೋಪಿ ನೋಡಿ ನಂಬಿ ಹಣ ಹಾಕಿದ್ದರ ಫಲವನ್ನು 2019ರಲ್ಲಿ ಐಎಂಎ ಹಗರಣದಲ್ಲಿ ನಮ್ಮ ಬೆಂಗಳೂರಿನ ಸಾವಿರಾರು ಕುಟುಂಬಗಳು ಕಂಡಿವೆ. ಆರೋಗ್ಯ ಕಾರ್ಡ್, ಮೆಡಿಕಲ್ ಸ್ಕೀಮ್ ಎಂದು ಯಾರೇ ಬರಲಿ, ಅವರು ನಮ್ಮವರೇ ಆಗಿರಲಿ, ಐಆರ್‌ಡಿಎಐ ನೋಂದಣಿ ಸಂಖ್ಯೆ ಕೇಳಿ. ಆಸ್ಪತ್ರೆಯಲ್ಲಿ ಹತ್ತು ಪರ್ಸೆಂಟ್ ರಿಯಾಯಿತಿ ಕೊಡಿಸುವ ಕಾರ್ಡ್ ವಿಮೆ ಅಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಮನೆಗಳಲ್ಲಿ ಇಂಗ್ಲಿಷ್ ಓದಬಲ್ಲವರು ನೀವೇ. ಅಬ್ಬಾ, ಅಮ್ಮಿ ನಿಮ್ಮ ಮುಂದೆ ಅರ್ಜಿ ಇಟ್ಟು "ಬೇಟಾ, ತುಂಬು" ಎನ್ನುತ್ತಾರೆ. ಆ ದಿನ ನನ್ನ ಕೈಯಲ್ಲಿದ್ದ ಪೆನ್ನು ನಿಮ್ಮ ಕೈಯಲ್ಲಿರುತ್ತದೆ. ಈ ರಜೆಯಲ್ಲಿ ಒಂದು ಕೆಲಸ ಕೊಡುತ್ತೇನೆ. ಮನೆಯಲ್ಲಿ ಅಪ್ಪನ ಸಂಬಳ ಚೀಟಿ, ರೇಷನ್ ಕಾರ್ಡ್, ಪಾಲಿಸಿ ಏನಿದೆಯೋ ಎಲ್ಲವನ್ನೂ ಹೊರಗೆ ತೆಗೆಯಿರಿ. ಸಂಬಳ ಚೀಟಿಯಲ್ಲಿ ಇ.ಎಸ್.ಐ. ಸಂಖ್ಯೆ ಇದೆಯೇ, ಅದರಲ್ಲಿ ದಾದಿ, ದಾದಾ ಹೆಸರು ಸೇರಿದೆಯೇ, ಪಾಲಿಸಿಯಲ್ಲಿ ಕೊಠಡಿ ಮಿತಿ ಎಷ್ಟು, ಕಾಯುವ ಅವಧಿ ಯಾವಾಗ ಮುಗಿಯುತ್ತದೆ, ನವೀಕರಣದ ದಿನಾಂಕ ಯಾವುದು ಎಂದು ನೋಟ್‌ಬುಕ್ಕಿನ ಒಂದು ಪುಟದಲ್ಲಿ ಬರೆದು ಬಾಗಿಲಿನ ಹಿಂದೆ ಅಂಟಿಸಿ.

ಅರ್ಥವಾಗದಿದ್ದರೆ ಕಾಗದಗಳನ್ನು ಹಿಡಿದುಕೊಂಡು ಬನ್ನಿ. ಭಾನುವಾರ ಅಸರ್ ನಮಾಜಿನ ನಂತರ ಮಗ್ರಿಬ್‌ವರೆಗೆ ನಾನು ಶಾಲೆಯಲ್ಲೇ ಕುಳಿತಿರುತ್ತೇನೆ. ಹಿಂದೆ ತುಂಬಿದ ಅರ್ಜಿಯ ನಕಲು ಇದ್ದರೆ ಅದನ್ನೂ ತನ್ನಿ; ಅದರಲ್ಲಿ ತಪ್ಪು ಗುರುತು ಬಿದ್ದಿದ್ದರೆ ಕಂಪನಿಗೆ ತಿಳಿಸುವ ಪತ್ರವನ್ನು ಕುಳಿತು ಬರೆಯೋಣ.